ಕೊಡಗಿನಲ್ಲಿ ವಾರ್ಷಿಕ ಕಾನ್ಫರೆನ್ಸ್: ರೆಸಾರ್ಟೋ, ಕಾಲೇಜೋ, ಸಮಾಜದ ಹಾಲೋ?

ವೈದ್ಯರ ರಾಜ್ಯ ಸಂಘದ ಜನರಲ್ ಬಾಡಿಯಲ್ಲಿ (ಸರ್ವ ಸದಸ್ಯರ ಸಭೆಯಲ್ಲಿ) "ಮುಂದಿನ ವರ್ಷ ಕೊಡಗಿನಲ್ಲಿ ಮಾಡೋಣ" ಅಂತ ಒಬ್ಬರು ಅಂದರೆ ಸಾಕು, ಇಡೀ ಹಾಲ್ ಕೈ ಎತ್ತುತ್ತದೆ. ಮಾರನೇ ದಿನದಿಂದ ಇಲ್ಲಿರುವ ನಮಗೆ ಫೋನ್ ಶುರು. ಎಲ್ಲರದ್ದೂ ಒಂದೇ ಪ್ರಶ್ನೆ: "ಯಾವ ರೆಸಾರ್ಟು?"

ನಾನು ಮಡಿಕೇರಿಯಲ್ಲಿ ಅರಿವಳಿಕೆ ತಜ್ಞ. ಇಲ್ಲಿ ಎರಡು ಕಾನ್ಫರೆನ್ಸ್‌ಗಳ ಹೊಣೆ ಹೊತ್ತಿದ್ದೇನೆ. ಒಂದು ಜುಲೈಯಲ್ಲಿ, ರೆಸಾರ್ಟ್‌ನಲ್ಲಿ. ಇನ್ನೊಂದು ಫೆಬ್ರವರಿಯಲ್ಲಿ, ಕಾಲೇಜಿನ ಹಾಲ್‌ನಲ್ಲಿ. ಮಕ್ಕಳ ತಜ್ಞರು, ಸರ್ಜನ್‌ಗಳು ತಮ್ಮ ಮೀಟಿಂಗ್ ಮಾಡಿದಾಗಲೂ ಜೊತೆಗೆ ಓಡಾಡಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ, ಜಾಗದ ಪ್ರಶ್ನೆ ಕೇಳಬೇಕಾದ್ದು ಮೂರನೆಯದಾಗಿ. ಮೊದಲು ಎಷ್ಟು ಜನ, ಆಮೇಲೆ ಯಾವ ತಿಂಗಳು. ಇವೆರಡು ತೀರ್ಮಾನವಾದರೆ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಉಳಿದದ್ದರಲ್ಲಿ ಆರಿಸುವಾಗ ನಾನು ನೋಡುವುದು ಒಂದೇ: ಕೊಡಗಿನ ಆಸ್ಪತ್ರೆಗಳಲ್ಲಿ ದುಡಿಯುವವರು ಬಂದು ಕೂರಲು ಆಗುತ್ತದಾ, ಇಲ್ವಾ?

ಎಷ್ಟು ಜನ?

ಸಂಘದ ಸದಸ್ಯರ ಪಟ್ಟಿ ನೋಡಬೇಡಿ. ಹಿಂದಿನ ಮೂರು ಕಾನ್ಫರೆನ್ಸ್‌ಗಳಲ್ಲಿ ಊಟದ ತಟ್ಟೆ ಎಷ್ಟು ಹೋಯಿತು ಅಂತ ಕೇಳಿ. ಅದೇ ನಿಜವಾದ ಸಂಖ್ಯೆ. ಕೊಡಗು ಅಂದರೆ ಅದಕ್ಕೆ ಇನ್ನೊಂದಷ್ಟು ಸೇರಿಸಬೇಕು, ಏಕೆಂದರೆ ಇಲ್ಲಿಗೆ ಹೆಂಡತಿ, ಗಂಡ, ಮಕ್ಕಳು, ಕೆಲವೊಮ್ಮೆ ಅತ್ತೆ ಮಾವ ಕೂಡ ಬರುತ್ತಾರೆ. ರಿಜಿಸ್ಟ್ರೇಷನ್ ಫಾರ್ಮ್‌ನಲ್ಲಿ ಮನೆಯವರಿಗೆ ಬೇರೆ ಕಾಲಂ ಇಡಿ. ಮಕ್ಕಳ ವಯಸ್ಸನ್ನೂ ಕೇಳಿ. ಇದನ್ನು ಮರೆತರೆ ಶನಿವಾರ ರಾತ್ರಿ ಊಟಕ್ಕೆ ತಟ್ಟೆ ಸಾಲುವುದಿಲ್ಲ.

ಲೆಕ್ಕ 120ರ ಒಳಗಿದ್ದರೆ ರೆಸಾರ್ಟ್ ಧಾರಾಳವಾಗಿ ಆಗುತ್ತದೆ. 120ರಿಂದ 350ರವರೆಗೆ ಊರೊಳಗಿನ ದೊಡ್ಡ ಹಾಲ್ ಬೇಕು, ವಸತಿ ನಾಲ್ಕೈದು ಹೋಟೆಲ್, ಹೋಂಸ್ಟೇಗಳಲ್ಲಿ ಹಂಚಬೇಕು. 400 ದಾಟಿತು ಅಂದರೆ ನನ್ನ ಸಲಹೆ ನೇರವಾಗಿದೆ: ಮೈಸೂರಿನಲ್ಲಿ ಮಾಡಿ. ಕೊಡಗಿನವರೇ ಆತಿಥೇಯರಾಗಿರಲಿ, ಮರುದಿನ ಆಸೆ ಇರುವವರು ಇಲ್ಲಿಗೆ ಬರಲಿ. ನಮ್ಮ ಊರಿನ ಮೇಲಿನ ಪ್ರೀತಿಗೇ ಈ ಮಾತು ಹೇಳುತ್ತಿದ್ದೇನೆ. ವಾರದ ಕೊನೆಗೆ ಮಡಿಕೇರಿಯ ರಸ್ತೆಗಳು ಪ್ರವಾಸಿಗರ ಕಾರಿನಿಂದಲೇ ತುಂಬಿರುತ್ತವೆ. ಅದರ ಮೇಲೆ ಇನ್ನೂ ಇನ್ನೂರು ಕಾರು ಬಂದು ನಿಂತರೆ ಜಿಲ್ಲಾಸ್ಪತ್ರೆಗೆ ಹೋಗುವ ಆಂಬ್ಯುಲೆನ್ಸ್‌ಗೂ ದಾರಿ ಸಿಗದು.

ಯಾವ ತಿಂಗಳು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೂಮಿನ ಬಾಡಿಗೆ ಇಳಿಯುತ್ತದೆ. ಅದೇ ಆಸೆಗೆ ನಾವು ಜುಲೈ ಹಿಡಿದೆವು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅದರಲ್ಲಿ ದೊಡ್ಡ ಪಾಲು ಜುಲೈ, ಆಗಸ್ಟ್‌ನಲ್ಲೇ ಸುರಿಯುತ್ತದೆ. ಇಲ್ಲಿ ಹುಟ್ಟಿ ಬೆಳೆದ ನನಗೆ ಅದು ಗೊತ್ತಿತ್ತು. ಆದರೂ "ಎರಡು ದಿನ ಅಲ್ವಾ, ಒಳಗೇ ಕೂತಿರ್ತಾರೆ" ಅಂದುಕೊಂಡೆ.

ಶುಕ್ರವಾರ ರಾತ್ರಿ ರೆಸಾರ್ಟ್‌ನ ದಾರಿಗೆ ಸಿಲ್ವರ್ ಮರವೊಂದು ಬಿತ್ತು. ಅದನ್ನು ಕಡಿದು ಸರಿಸುವಷ್ಟರಲ್ಲಿ ಶನಿವಾರ ಹನ್ನೊಂದು ಗಂಟೆ. ಉದ್ಘಾಟನೆಗೆ ಹಾಲ್‌ನಲ್ಲಿ ಇದ್ದದ್ದು ಮೊದಲೇ ಬಂದು ತಂಗಿದ್ದವರು ಮಾತ್ರ. ಕರೆಂಟ್ ಹೋಗಿತ್ತು. ಜನರೇಟರ್ ಇತ್ತು, ಆದರೆ ಇಂಟರ್‌ನೆಟ್ ಇರಲಿಲ್ಲ. ದೆಹಲಿಯಿಂದ ಆನ್‌ಲೈನ್‌ನಲ್ಲಿ ಮಾತಾಡಬೇಕಿದ್ದ ಪ್ರೊಫೆಸರ್ ಅರ್ಧ ಗಂಟೆ ಕಾದು ಎದ್ದು ಹೋದರು. ಇನ್ನೊಂದು ಚಿತ್ರ ನನ್ನ ಕಣ್ಣಿಂದ ಹೋಗಿಲ್ಲ. ಪಿಜಿ ವಿದ್ಯಾರ್ಥಿಗಳು ಬೆಳಗ್ಗೆ ಅಂಟಿಸಿದ ಪೋಸ್ಟರ್‌ಗಳು ಟೀ ಹೊತ್ತಿಗೆ ಅಂಚಿನಿಂದ ಸುರುಳಿ ಸುತ್ತಿಕೊಂಡಿದ್ದವು. ತೇವಕ್ಕೆ ಟೇಪ್ ಹಿಡಿಯುತ್ತಿರಲಿಲ್ಲ. ಒಬ್ಬ ಹುಡುಗಿ ಎರಡು ಕೈಯಲ್ಲೂ ಪೋಸ್ಟರಿನ ಮೂಲೆಗಳನ್ನು ಒತ್ತಿ ಹಿಡಿದು, ಕತ್ತು ಮಾತ್ರ ತಿರುಗಿಸಿ, ತೀರ್ಪುಗಾರರಿಗೆ ತನ್ನ ಕೇಸ್ ವಿವರಿಸುತ್ತಿದ್ದಳು. ಅವಳ ಆರು ತಿಂಗಳ ಕೆಲಸ ಅದು. ನನಗೆ ಬಹಳ ಬೇಜಾರಾಯಿತು.

ಮಳೆಗಾಲದಲ್ಲಿ ಬರೀ ಅನಾನುಕೂಲ ಅಲ್ಲ, ಅಪಾಯವೂ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಬೇರೆ ಜಿಲ್ಲೆಯ 200 ಜನರನ್ನು ಆ ಕಾಲದಲ್ಲಿ ಕರೆಸುವುದು ಸರಿಯಲ್ಲ. ಆ ನಾಲ್ಕು ತಿಂಗಳು ಪಟ್ಟಿಯಿಂದಲೇ ತೆಗೆದುಬಿಡಿ.

ಅಕ್ಟೋಬರ್? ನಮ್ಮವರಿಗೆ ಈ ತಿಂಗಳ ಮೇಲೆ ಮೋಹ. 1846ರ ಅಕ್ಟೋಬರ್ 16ರಂದು ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ಸರ್ಜರಿ ಮಾಡಿ ತೋರಿಸಿದ ದಿನವನ್ನೇ ವಿಶ್ವ ಅರಿವಳಿಕೆ ದಿನವಾಗಿ ಆಚರಿಸುತ್ತೇವೆ. ಆದರೆ ಕೊಡಗಿನಲ್ಲಿ ಅದರ ಮಗ್ಗುಲಲ್ಲೇ, 17ರ ಆಸುಪಾಸಿನಲ್ಲಿ, ತುಲಾ ಸಂಕ್ರಮಣ. ತಲಕಾವೇರಿಯ ತೀರ್ಥೋದ್ಭವಕ್ಕೆ ಸಾವಿರಾರು ಜನ ಬರುತ್ತಾರೆ. ಭಾಗಮಂಡಲದ ರಸ್ತೆ ತುಂಬಿರುತ್ತದೆ, ರೂಮುಗಳು ಮೊದಲೇ ಹೋಗಿರುತ್ತವೆ, ಪೊಲೀಸರೂ ಅಲ್ಲೇ ಇರುತ್ತಾರೆ. ಇಲ್ಲಿಯ ಅನೇಕ ವೈದ್ಯರ ಮನೆಗಳಲ್ಲಿ ಅಂದು ಕಾವೇರಿಯ ಪೂಜೆ. ಅದಕ್ಕಿಂತ ಸ್ವಲ್ಪ ಮೊದಲು ಅಥವಾ ನಂತರ ಮಡಿಕೇರಿ ದಸರಾ. ವಿಜಯದಶಮಿಯ ರಾತ್ರಿ ದಶಮಂಟಪಗಳ ಮೆರವಣಿಗೆ ಬೆಳಗಿನವರೆಗೆ ನಡೆಯುತ್ತದೆ. ನೋಡಲೇಬೇಕಾದ ಹಬ್ಬ ಅದು. ಆದರೆ ಕಾನ್ಫರೆನ್ಸ್‌ಗೆ ಆಗುವುದಿಲ್ಲ.

ನವೆಂಬರ್, ಡಿಸೆಂಬರ್ ಹವೆ ಚೆನ್ನಾಗಿದೆ. ಆದರೆ ದೀಪಾವಳಿ, ಆಮೇಲೆ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ, ಆಮೇಲೆ ಕ್ರಿಸ್‌ಮಸ್ ರಜೆ. ಜೊತೆಗೆ ಅರಾಬಿಕಾ ಕಾಫಿ ಕೊಯ್ಲು. ಹೊರಗಿನವರಿಗೆ ಇದು ಹೊಳೆಯುವುದಿಲ್ಲ. ಇಲ್ಲಿ ಸಾಕಷ್ಟು ವೈದ್ಯರ ಮನೆಯಲ್ಲಿ ತೋಟವಿದೆ. ಕೊಯ್ಲಿನ ವಾರದಲ್ಲಿ ಆಳು ಸಿಗುವುದೇ ಕಷ್ಟ, ಅಂಥದ್ದರಲ್ಲಿ ಕಮಿಟಿ ಮೀಟಿಂಗ್‌ಗೆ ಬಾ ಅಂದರೆ ಯಾರು ಬರುತ್ತಾರೆ? ಏಪ್ರಿಲ್, ಮೇ ಮದುವೆಗಳ ಕಾಲ, ಸಾಲದ್ದಕ್ಕೆ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ. ಸಮಾಜದ ಹಾಲ್‌ಗಳು, ಅಂದರೆ ಸಮುದಾಯ ಸಂಘಗಳ ಮದುವೆ ಹಾಲ್‌ಗಳು, ಒಂದು ವರ್ಷ ಮೊದಲೇ ಬುಕ್ ಆಗಿರುತ್ತವೆ.

ನನ್ನ ಆಯ್ಕೆ ಫೆಬ್ರವರಿಯ ಎರಡನೇ ಅಥವಾ ಮೂರನೇ ಶನಿವಾರ, ಭಾನುವಾರ. ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ. ಮಳೆ ಇಲ್ಲ. ಬೆಳಗ್ಗೆ ಚಳಿ, ಹತ್ತು ಗಂಟೆಗೆ ಎಳೆಬಿಸಿಲು. ಮಕ್ಕಳ ಪರೀಕ್ಷೆಗೆ ಇನ್ನೂ ಕೆಲವು ದಿನ ಇರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಸ್ವಲ್ಪ ಬೇಗ ಬಿದ್ದರೆ ಕಾಫಿ ಹೂವಿನ ಪರಿಮಳ ಊರೆಲ್ಲ ತುಂಬಿರುತ್ತದೆ. ಅದು ಸಿಕ್ಕರೆ ಬಂದವರ ಪುಣ್ಯ.

ದಾರಿ

ಕೊಡಗಿಗೆ ರೈಲಿಲ್ಲ. ವಿಮಾನ ನಿಲ್ದಾಣವೂ ಇಲ್ಲ. ಹಾಗಾಗಿ ಜಾಗ ಆರಿಸುವ ಮೊದಲು ನಿಮ್ಮ ಡೆಲಿಗೇಟ್‌ಗಳು ಎಲ್ಲಿಂದ ಬರುತ್ತಾರೆ ಅಂತ ನೋಡಿ. ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 260 ಕಿಲೋಮೀಟರ್, ಮೈಸೂರಿನಿಂದ 120, ಮಂಗಳೂರಿನಿಂದ 140. ಹೆಚ್ಚಿನವರು ಬೆಂಗಳೂರು, ಮೈಸೂರು ಕಡೆಯವರಾದರೆ ಕುಶಾಲನಗರ ಒಳ್ಳೆಯ ಆಯ್ಕೆ. ಘಾಟ್ ಹತ್ತುವ ಮೊದಲೇ ಸಿಗುವ ಸಮತಟ್ಟಾದ ಊರು ಅದು. ಅಲ್ಲಿಂದ ಮಡಿಕೇರಿಗೆ ಇನ್ನೂ 30 ಕಿಲೋಮೀಟರ್ ತಿರುವು. ವಯಸ್ಸಾದ ಹಿರಿಯ ಪ್ರೊಫೆಸರ್‌ಗಳಿಗೆ ಆ ಮೂವತ್ತು ಕಿಲೋಮೀಟರ್ ಉಳಿದರೆ ದೊಡ್ಡ ಉಪಕಾರ. ನಾವು ಫೆಬ್ರವರಿಯಲ್ಲಿ ಮೈಸೂರು ಸ್ಟೇಷನ್‌ನಿಂದ ಬಸ್ ಕಳಿಸಿದಾಗ ಪ್ರತಿ ಸೀಟಿನ ಮೇಲೆ ವಾಂತಿ ಮಾತ್ರೆ, ನೀರಿನ ಬಾಟಲಿ, ಒಂದು ಕವರ್ ಇಟ್ಟಿದ್ದೆವು. ಹಿಂದಿರುಗುವಾಗ ಅದಕ್ಕೇ ಜಾಸ್ತಿ ಜನ ಥ್ಯಾಂಕ್ಸ್ ಹೇಳಿದರು.

ಬೇರೆ ರಾಜ್ಯದಿಂದ ಬರುವ ಫ್ಯಾಕಲ್ಟಿಗೆ 2018ರ ಡಿಸೆಂಬರ್‌ನಲ್ಲಿ ತೆರೆದ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ. ಅಲ್ಲಿಂದ ವಿರಾಜಪೇಟೆಗೆ 60 ಕಿಲೋಮೀಟರ್ ಆಸುಪಾಸು. ಆದರೆ ನಡುವೆ ಮಾಕುಟ್ಟ ಘಾಟಿಯ ಕಾಡು. ರಾತ್ರಿ ಇಳಿಯುವ ವಿಮಾನಕ್ಕೆ ಟಿಕೆಟ್ ಮಾಡಿಸಬೇಡಿ. ಹುಣಸೂರಿನಿಂದ ಗೋಣಿಕೊಪ್ಪಕ್ಕೆ ಬರುವವರಿಗೂ ಇದೇ ಮಾತು. ಆನೆಚೌಕೂರು, ತಿತಿಮತಿ ಕಡೆ ಸಂಜೆಯಾದರೆ ಆನೆ ರಸ್ತೆ ದಾಟುತ್ತದೆ. ಅದಕ್ಕೆ ದಾರಿ ಬಿಟ್ಟು ನಿಲ್ಲಲು ಗೊತ್ತಿರುವ ಲೋಕಲ್ ಡ್ರೈವರ್‌ಗಳನ್ನೇ ಹಿಡಿಯಿರಿ.

ಈಗ ಜಾಗ

ರೆಸಾರ್ಟ್‌ನ ಗುಣ ನಿಜಕ್ಕೂ ದೊಡ್ಡದು. ಮಲಗುವುದು, ಊಟ, ಉಪನ್ಯಾಸ ಎಲ್ಲ ಒಂದೇ ಕಡೆ. ಸಂಜೆ ಹಿರಿಯರು ಕಿರಿಯರು ಒಂದೇ ಜಗಲಿಯಲ್ಲಿ ಕೂತು ಕೇಸ್‌ಗಳ ಬಗ್ಗೆ ಮಾತಾಡುತ್ತಾರೆ. ಆ ಮಾತಿನಲ್ಲಿ ಕಲಿಯುವುದು ಸ್ಲೈಡ್‌ಗಳಲ್ಲಿ ಕಲಿಯುವುದಕ್ಕಿಂತ ಕಡಿಮೆಯೇನಲ್ಲ. ಸಣ್ಣ ಸಂಘಕ್ಕೆ, ಅಥವಾ ಎಂಬತ್ತು ಜನರ ಉಪವಿಭಾಗದ ಮೀಟಿಂಗ್‌ಗೆ, ನಾನು ಕಣ್ಣುಮುಚ್ಚಿ ರೆಸಾರ್ಟ್ ಅನ್ನುತ್ತೇನೆ.

ಜನ ಹೆಚ್ಚಾದಂತೆ ತೊಂದರೆ ಶುರು. ಒಂದು ಲೆಕ್ಕ ನೋಡಿ. ಹೆಚ್ಚಿನ ರೆಸಾರ್ಟ್‌ಗಳು ತೋಟದ ಒಳಗಿವೆ. ಕೊನೆಯ ಎರಡು ಮೂರು ಕಿಲೋಮೀಟರ್ ಕಿರಿದಾದ ದಾರಿ, 50 ಸೀಟಿನ ಬಸ್ ತಿರುಗುವುದಿಲ್ಲ. 250 ಜನರನ್ನು ಊರಿನ ಹಾಲ್‌ಗೆ ಐದು ಬಸ್‌ನಲ್ಲಿ ತಲುಪಿಸಬಹುದು. ಅದೇ ಜನರನ್ನು ರೆಸಾರ್ಟ್‌ಗೆ 12 ಸೀಟಿನ ಟಿಟಿಯಲ್ಲಿ (ಟೆಂಪೋ ಟ್ರಾವೆಲರ್) ಕಳಿಸಬೇಕಾದರೆ 21 ಗಾಡಿ ಬೇಕು, ಇಲ್ಲ ಐದೇ ಗಾಡಿ ಇದ್ದರೆ ಒಂದೊಂದೂ ನಾಲ್ಕೈದು ಸಲ ಓಡಬೇಕು. ಬುಕ್ ಮಾಡುವ ಮೊದಲು ಡ್ರೈವರ್‌ನನ್ನು ಜೊತೆಗೆ ಕರೆದುಕೊಂಡು ಹೋಗಿ ಆ ದಾರಿ ತೋರಿಸಿ. ಮ್ಯಾನೇಜರ್ "ಬಸ್ ಬರುತ್ತೆ ಸರ್" ಅನ್ನುತ್ತಾರೆ. ಡ್ರೈವರ್ ಇಳಿದು, ತಿರುವಿನಲ್ಲಿ ನಿಂತು, ಚರಂಡಿ ನೋಡಿ, "ಆಗಲ್ಲ ಡಾಕ್ಟ್ರೇ" ಅಂದರೆ ಅವರ ಮಾತನ್ನೇ ನಂಬಿ.

ಹಾಲ್ ನೋಡಲು ಹೋದಾಗ ಹಗಲು ಹನ್ನೆರಡಕ್ಕೆ ಪರದೆ ಹಾಕಿಸಿ, ಒಂದು ಎಕ್ಸ್‌ರೇ ಸ್ಲೈಡ್ ಹಾಕಿಸಿ ನೋಡಿ. ಕಣಿವೆ ಕಾಣಲೆಂದು ಗಾಜಿನ ಗೋಡೆ ಕಟ್ಟಿರುತ್ತಾರೆ. ಮದುವೆ ರಿಸೆಪ್ಷನ್‌ಗೆ ಅದು ಚಂದ. ನಮಗೆ ಅಲ್ಟ್ರಾಸೌಂಡ್ ಚಿತ್ರದಲ್ಲಿ ನರ ಯಾವುದು, ರಕ್ತನಾಳ ಯಾವುದು ಅಂತ ಕಾಣಬೇಕು.

ಕಾಲೇಜಿನ ಮಾತಿಗೆ ಬರೋಣ. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ಅಂದರೆ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, 2016ರಲ್ಲಿ ಶುರುವಾಯಿತು. ವರ್ಷಕ್ಕೆ 150 ಎಂಬಿಬಿಎಸ್ ವಿದ್ಯಾರ್ಥಿಗಳು. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜಿದೆ. ಪಾಠ ಮಾಡಲೆಂದೇ ಕಟ್ಟಿದ ಹಾಲ್‌ನಲ್ಲಿ ಹಿಂದಿನ ಸಾಲಿಗೂ ಪರದೆ ಕಾಣುತ್ತದೆ. ವರ್ಕ್‌ಶಾಪ್‌ಗೆ ಬೇರೆ ಕೊಠಡಿಗಳು ಸಿಗುತ್ತವೆ. ಸ್ವಯಂಸೇವಕರಾಗಿ ವಿದ್ಯಾರ್ಥಿಗಳು ಸಿಗುತ್ತಾರೆ. ತೊಂದರೆ ಏನೆಂದರೆ ಅನುಮತಿಗೆ ಓಡಾಟ. ಪತ್ರ ಬರೆದು, ಡೀನ್ ಅವರನ್ನು ಕಂಡು, ಪರೀಕ್ಷೆ ಇಲ್ಲದ ದಿನ ಹೊಂದಿಸಬೇಕು. ಮದ್ಯದ ಪಾರ್ಟಿ ಅಲ್ಲಿ ನಡೆಯುವುದಿಲ್ಲ, ನಡೆಯಲೂ ಬಾರದು. ಊಟಕ್ಕೆ ಶಾಮಿಯಾನ ಹಾಕಿಸಬೇಕು.

ಆದರೂ ನಾನು ಕಾಲೇಜಿನ ಕಡೆಯೇ. ಯಾಕೆ ಅಂತ ಹೇಳುತ್ತೇನೆ. ಫೆಬ್ರವರಿಯ ಆ ಮೀಟಿಂಗ್‌ನಲ್ಲಿ ತಾಲೂಕು ಆಸ್ಪತ್ರೆಯ ಒಬ್ಬ ಸ್ಟಾಫ್ ನರ್ಸ್ ರಾತ್ರಿ ಡ್ಯೂಟಿ ಮುಗಿಸಿ ನೇರ ಬಂದಿದ್ದರು. ಯೂನಿಫಾರ್ಮ್ ಮೇಲೆ ಸ್ವೆಟರ್. ಕೊನೆಯ ಸಾಲಿನಲ್ಲಿ ಕೂತು ಉಸಿರಾಟದ ನಳಿಕೆ ಹಾಕುವ ಡೆಮೊ ನೋಡಿದರು. ಆಮೇಲೆ ಮೆಲ್ಲಗೆ ಎದ್ದು ಕೇಳಿದರು: "ಸರ್, ಮೈಸೂರಿಗೆ ಕಳಿಸುವಾಗ ಆಂಬ್ಯುಲೆನ್ಸ್‌ನಲ್ಲಿ ನಾನೊಬ್ಬಳೇ ಇರ್ತೀನಿ. ತಿರುವಿನಲ್ಲಿ ನಳಿಕೆ ಜಾರಿದರೆ ಮೊದಲು ಏನು ಮಾಡಬೇಕು?" ಎರಡು ದಿನದಲ್ಲಿ ಕೇಳಿದ ಅತ್ಯುತ್ತಮ ಪ್ರಶ್ನೆ ಅದು. ವೇದಿಕೆಯ ಮೇಲಿದ್ದ ಮೂವರೂ ಸೇರಿ ಇಪ್ಪತ್ತು ನಿಮಿಷ ಉತ್ತರಿಸಿದರು. ಗೇಟಿನಲ್ಲಿ ರೂಮ್ ನಂಬರ್ ಕೇಳುವ ಜಾಗಕ್ಕೆ ಅವರು ಬರುತ್ತಿರಲಿಲ್ಲ.

ಮೂರನೆಯದು ಸಮಾಜದ ಹಾಲ್‌ಗಳು. ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆಗಳ ಕೊಡವ ಸಮಾಜ, ಮಡಿಕೇರಿಯ ಗೌಡ ಸಮಾಜ, ಹೀಗೆ. ದೊಡ್ಡ ಮದುವೆಗಳನ್ನು ಸುಧಾರಿಸಿದ ಅಡುಗೆಮನೆ, ಊಟದ ಹಾಲ್, ಪಾರ್ಕಿಂಗ್ ಇರುತ್ತದೆ. ಊಟದ ವಿಷಯದಲ್ಲಿ ಇವನ್ನು ಯಾರೂ ಮೀರಿಸುವುದಿಲ್ಲ. ಆದರೆ ಸೌಂಡ್ ಸಿಸ್ಟಂ ವಾಲಗಕ್ಕೆ, ಭಾಷಣಕ್ಕೆ ಸರಿ. ಎರಡು ಸೆಷನ್ ಒಟ್ಟಿಗೆ ನಡೆಸಲು ಆಗುವುದಿಲ್ಲ, ಮಾತು ಮಾರ್ದನಿಸುತ್ತದೆ. ಪ್ರತಿ ಸಮಾಜಕ್ಕೂ ತನ್ನದೇ ನಿಯಮವಿದೆ, ಆಡಳಿತ ಮಂಡಳಿಯವರನ್ನು ಮುಖತಃ ಕಂಡು ಕೇಳಿ. ನನಗೆ ಹಿಡಿಸಿದ ಏರ್ಪಾಡು ಇದು: ಹಗಲು ಕಾಲೇಜು, ಶನಿವಾರ ರಾತ್ರಿಯ ಊಟ ಸಮಾಜ. ನಡುವೆ ಬಸ್. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್ ಮಾಡಬೇಕು ಅನ್ನುವುದನ್ನು ಉಮ್ಮತ್ತಾಟ್ (ಕೊಡವ ಮಹಿಳೆಯರ ಕುಣಿತ) ತಂಡಕ್ಕೆ ಮೊದಲೇ ಹೇಳಿಡಿ, ಅವರ ಕುಣಿತ ಊಟಕ್ಕೆ ಮೊದಲೇ ಆಗಲಿ.

ಊಟಕ್ಕೆ ಹೊರಗಿನ ಕೇಟರಿಂಗ್ ತರಿಸಬೇಡಿ. ಕಡಂಬುಟ್ಟು, ನೂಪುಟ್ಟು, ಅಕ್ಕಿ ಒಟ್ಟಿ, ಕೋಳಿ ಸಾರು, ಸಸ್ಯಾಹಾರಿಗಳಿಗೆ ಕುಮ್ಮು ಕರಿ (ಅಣಬೆ ಸಾರು) ಮಾಡುವ ಕೈಗಳು ಇಲ್ಲೇ ಇವೆ. ಪಂದಿ ಕರಿ (ಹಂದಿ ಮಾಂಸ) ಇರಲಿ, ಆದರೆ ಅದಕ್ಕೆ ಬೇರೆ ಕೌಂಟರ್, ಬೇರೆ ಸೌಟು, ದೊಡ್ಡ ಅಕ್ಷರದ ಬೋರ್ಡ್. ತಿನ್ನದವರು ಅನುಮಾನದಲ್ಲಿ ತಟ್ಟೆ ಹಿಡಿದು ನಿಲ್ಲುವ ಹಾಗೆ ಆಗಬಾರದು.

ಹಣ, ಸ್ಟಾಲ್, ಕ್ರೆಡಿಟ್

ಔಷಧ ಕಂಪನಿಗಳ ಬಗ್ಗೆ ಈಗ ಹುಷಾರಾಗಿರಬೇಕು. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಔಷಧ ಮಾರಾಟದ ಏಕರೂಪ ಸಂಹಿತೆ ಹೊರಡಿಸಿದೆ. ಉಪನ್ಯಾಸಕರನ್ನು ಬಿಟ್ಟು ಬೇರೆ ವೈದ್ಯರಿಗೆ ಕಂಪನಿಗಳು ಪ್ರಯಾಣ, ಹೋಟೆಲ್ ಖರ್ಚು ಕೊಡುವ ಹಾಗಿಲ್ಲ. ರೆಸಾರ್ಟ್ ಪ್ಯಾಕೇಜ್‌ನಲ್ಲಿ ರೂಮು, ಊಟ, ಹಾಲ್ ಎಲ್ಲ ಒಂದೇ ಬಿಲ್. ಸ್ಪಾನ್ಸರ್ ಹಣ ಯಾವುದಕ್ಕೆ ಹೋಯಿತು ಅಂತ ತೋರಿಸುವುದು ಕಷ್ಟ. ಹಾಲ್, ವಸತಿ ಬೇರೆ ಬೇರೆ ಇದ್ದರೆ ಲೆಕ್ಕ ಸ್ವಚ್ಛ. ಕಂಪನಿಗಳ ಸ್ಟಾಲ್ ಬಾಡಿಗೆ ಹಾಲ್‌ಗೆ, ರೂಮಿನ ಹಣ ಅವರವರ ಜೇಬಿನಿಂದ. ಪಿಜಿಗಳಿಗೆ ಮಾತ್ರ ಸಂಘವೇ ಅಗ್ಗದ ವಸತಿ ಹೊಂದಿಸಿಕೊಡಬೇಕು. ಆ ಖರ್ಚಿಗೆ ಬ್ಯಾನರ್, ಹಾರ, ನೆನಪಿನ ಕಾಣಿಕೆಗಳನ್ನು ಕಡಿಮೆ ಮಾಡಿ.

ಕರ್ನಾಟಕ ವೈದ್ಯಕೀಯ ಪರಿಷತ್ತಿನ ಕ್ರೆಡಿಟ್ ಅವರ್‌ಗೆ ಮುಂಚಿತವಾಗಿ ಅರ್ಜಿ ಹಾಕಿ. ವೈದ್ಯರ ನೋಂದಣಿ ನವೀಕರಿಸಲು ಐದು ವರ್ಷಕ್ಕೆ ಇಂಥ 30 ಗಂಟೆ ಕಲಿಕೆ ಬೇಕಾದ್ದರಿಂದ ಅನೇಕರು ಬರುವುದೇ ಅದಕ್ಕೆ. ಪರಿಷತ್ತಿನ ವೀಕ್ಷಕರು ಬಂದು ಕೂರುತ್ತಾರೆ. ಜಲಪಾತ ನೋಡಲು ಹೋದವರ ಹೆಸರಿಗೆ ಯಾರೂ ಸಹಿ ಹಾಕಬಾರದು. ಇವೆಂಟ್ ಕಂಪನಿ ಬೇಕಾ ಅಂತ ಕೇಳುತ್ತಾರೆ. ಪ್ರೊಜೆಕ್ಟರ್, ಸೌಂಡ್, ಬಸ್ ಅವರಿಗೆ ಕೊಡಿ. ರಿಜಿಸ್ಟ್ರೇಷನ್, ಬ್ಯಾಂಕ್ ಖಾತೆ ನಿಮ್ಮ ಕೈಯಲ್ಲೇ ಇರಲಿ. ಇಂಟರ್‌ನೆಟ್‌ಗೆ ಎರಡು ಬೇರೆ ಕಂಪನಿಗಳ ಲೈನ್ ಹಾಕಿಸಿ, ಆನ್‌ಲೈನ್ ಉಪನ್ಯಾಸಗಳನ್ನು ಮೊದಲೇ ರೆಕಾರ್ಡ್ ಮಾಡಿಸಿಟ್ಟುಕೊಳ್ಳಿ.

ಆ ಎರಡು ದಿನ ಆಸ್ಪತ್ರೆಯಲ್ಲಿ ಯಾರು?

ಬೆಂಗಳೂರಿನಲ್ಲಿ ಇದು ಪ್ರಶ್ನೆಯೇ ಅಲ್ಲ. ಇಲ್ಲಿ ನಮ್ಮ ವಿಭಾಗದ ತಜ್ಞರು ಬೆರಳೆಣಿಕೆ. ಎಲ್ಲರೂ ಬ್ಯಾಡ್ಜ್ ಹಾಕಿಕೊಂಡು ವೇದಿಕೆ ಹತ್ತಿದರೆ ರಾತ್ರಿ ಬರುವ ಸಿಸೇರಿಯನ್‌ಗೆ ಅರಿವಳಿಕೆ ಕೊಡುವವರು ಯಾರು? ಅದಕ್ಕೇ ಕಾರ್ಯಕ್ರಮದ ಪಟ್ಟಿಗಿಂತ ಮೊದಲು ಡ್ಯೂಟಿ ಪಟ್ಟಿ ಬರೆಯಬೇಕು. ನಾವು ಮೈಸೂರಿನ ಇಬ್ಬರು ಗೆಳೆಯರನ್ನು ಕೇಳಿಕೊಂಡು, ಆಸ್ಪತ್ರೆಗಳ ಒಪ್ಪಿಗೆ ಪಡೆದು, ಪಾಳಿ ಹಂಚಿದೆವು. ಹಾಲ್ ಆಸ್ಪತ್ರೆಗೆ ಹತ್ತು ನಿಮಿಷದ ದೂರದಲ್ಲಿತ್ತು. ತೋಟದೊಳಗಿನ ರೆಸಾರ್ಟ್ ಆಗಿದ್ದರೆ ಮುಕ್ಕಾಲು ಗಂಟೆ. ಜಾಗಗಳನ್ನು ಹೋಲಿಸುವಾಗ ಈ ನಿಮಿಷಗಳನ್ನು ಬಾಡಿಗೆಯ ಪಕ್ಕದಲ್ಲೇ ಬರೆದಿಡಿ.

ಕಾರ್ಯಕ್ರಮದಲ್ಲಿ ಅರ್ಧ ದಿನವಾದರೂ ಈ ನೆಲದ ಕಾಯಿಲೆಗಳಿಗೆ ಕೊಡಿ. ನಾವು ಹಾವು ಕಡಿತದ ಸೆಷನ್ ಇಟ್ಟಿದ್ದೆವು. ನಮ್ಮಲ್ಲಿ ಸಿಗುವ ವಿಷನಿರೋಧಕ ನಾಲ್ಕು ಹಾವುಗಳಿಗೆ ಮಾತ್ರ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಪಶ್ಚಿಮ ಘಟ್ಟದ ತೋಟಗಳಲ್ಲಿ ಎಲೆಯ ಬಣ್ಣಕ್ಕೆ ಸೇರಿಹೋಗಿ ಕೂರುವ ಹಂಪ್‌ನೋಸ್ಡ್ ಪಿಟ್ ವೈಪರ್‌ಗೆ ಅದು ಕೆಲಸ ಮಾಡುವುದಿಲ್ಲ. ಬಯಲುಸೀಮೆಯಿಂದ ಬಂದ ಅನೇಕರಿಗೆ ಅದು ಹೊಸ ವಿಷಯವಾಗಿತ್ತು. ಹೆಜ್ಜೇನು ದಾಳಿ, ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು, ಆನೆ ತುಳಿತ, ಕುಡಗೋಲಿನ ಗಾಯ, ಹೀಗೆ ಪಟ್ಟಿಗೆ ಬೇಕಾದಷ್ಟಿದೆ. ಇವುಗಳನ್ನು ದಿನವೂ ನೋಡುವ ಇಲ್ಲಿಯ ಡಾಕ್ಟರ್‌ಗಳೇ ಮಾತಾಡಲಿ.

ಕೊನೆಗೆ ಭಾನುವಾರದ ಮಾತು. ಜನರಲ್ ಬಾಡಿ, ಚುನಾವಣೆ ಎಲ್ಲ ಶನಿವಾರ ಸಂಜೆಯೇ ಮುಗಿಸಿ. ಭಾನುವಾರ ಬೆಂಗಳೂರಿನವರು ಕತ್ತಲಾಗುವ ಮೊದಲು ಘಾಟ್ ಇಳಿದು ಮೈಸೂರು ದಾಟಬೇಕು ಅಂತ ಒಂದು ಗಂಟೆಗೇ ಗಡಿಯಾರ ನೋಡುತ್ತಾರೆ. ಒಳ್ಳೆಯ ಉಪನ್ಯಾಸವನ್ನು ಬೆಳಗ್ಗೆ ಒಂಬತ್ತಕ್ಕೆ ಇಡಿ. ಪೋಸ್ಟರ್ ಬಹುಮಾನ ಹನ್ನೊಂದಕ್ಕೆ, ಹಾಲ್ ತುಂಬಿರುವಾಗಲೇ, ಆ ಹುಡುಗ ಹುಡುಗಿಯರ ಹೆಸರು ಕೂಗಿ ವೇದಿಕೆಗೆ ಕರೆದು ಕೊಡಿ. ಹನ್ನೆರಡೂವರೆಗೆ ಊಟ. ಬಸ್ ಹತ್ತುವವರ ಕೈಗೆ ದಾರಿಗೆಂದು ಎರಡು ಕಿತ್ತಳೆ ಕೊಡಿ.